ಬೆನ್ನಿಗೆ ತಕ್ಕ ಬ್ಯಾಗು

ಮೇ ತಿಂಗಳ ಕೊನೆಯ ವಾರ ಬೆಂಗಳೂರಿನ ಚಿಕ್ಕಪೇಟೆಗೆ ಹೋಗಿ, ಹುಬ್ಬಳ್ಳಿಯ ದುರ್ಗದಬೈಲಿಗೆ ಹೋಗಿ, ಮಂಗಳೂರಿನ ಹಂಪನಕಟ್ಟೆಗೆ ಹೋಗಿ, ಬ್ಯಾಗಿನ ಅಂಗಡಿ ಮುಂದೆ ಕೇಳಿಸುವ ಮಾತು ಒಂದೇ: ‘ಇನ್ನೊಂಚೂರು ದೊಡ್ಡದು ತೋರ್ಸಿ, ಎರಡು ವರ್ಷನಾದ್ರೂ ಬರ್ಬೇಕು.’ ಅಂಗಡಿಯವರು ಉದ್ದನೆಯ ಕೋಲಿನಿಂದ ಮೇಲೆ ನೇತುಹಾಕಿದ ಬ್ಯಾಗೊಂದನ್ನು ಇಳಿಸುತ್ತಾರೆ. ಉಬ್ಬಿ ಕಾಣಲೆಂದು ಒಳಗೆ ತುರುಕಿದ ಹಳೇ ಪೇಪರಿನ ಉಂಡೆಗಳು ಹಾಗೇ ಇರುತ್ತವೆ. ಅದನ್ನೇ ಮಗುವಿನ ಬೆನ್ನಿಗೇರಿಸಿ ಕನ್ನಡಿ ಮುಂದೆ ನಿಲ್ಲಿಸುತ್ತಾರೆ. ಪೇಪರಿಗೆ ತೂಕವೆಲ್ಲಿ? ಮಗುವಿಗೆ ಖುಷಿಯೋ ಖುಷಿ. ಬ್ಯಾಗಿನ ತಳ ತೊಡೆಯ ಹತ್ತಿರ ತೂಗಾಡುತ್ತಿರುವುದು ಅಪ್ಪನಿಗೂ ಕಾಣುತ್ತದೆ, ಅಮ್ಮನಿಗೂ ಕಾಣುತ್ತದೆ. ‘ಬೆಳೆಯೋ ಮಗು ಅಲ್ವಾ’ ಎಂದು ದುಡ್ಡು ಕೊಟ್ಟು ಹೊರಡುತ್ತಾರೆ.

ಯೂನಿಫಾರ್ಮನ್ನು ಒಂದು ಸೈಜು ದೊಡ್ಡದು ತೆಗೆದುಕೊಂಡು ಅಂಚು ಮಡಿಸಿ ಹೊಲಿಸಬಹುದು, ಮುಂದಿನ ವರ್ಷ ಬಿಚ್ಚಬಹುದು. ಬ್ಯಾಗನ್ನು ಹಾಗೆ ಮಡಿಸಲು ಬರುವುದಿಲ್ಲ. ದೊಡ್ಡ ಬ್ಯಾಗು ಮೊದಲ ದಿನದಿಂದಲೇ ಸೊಂಟದ ಕೆಳಗೆ ಇಳಿಯುತ್ತದೆ, ಪ್ರತಿ ಹೆಜ್ಜೆಗೂ ಹಿಂದಿನಿಂದ ಬಡಿಯುತ್ತದೆ. ಅದಕ್ಕಿಂತ ಕೆಟ್ಟದ್ದೆಂದರೆ, ಜಾಗ ಇದ್ದಷ್ಟೂ ಅದು ತುಂಬಿಕೊಳ್ಳುತ್ತದೆ. ಹೋದ ವಾರದ ಡ್ರಾಯಿಂಗ್ ಶೀಟು, ಬೇಡದ ವರ್ಕ್‌ಬುಕ್ಕು, ಅರ್ಧ ಒಡೆದ ಜ್ಯಾಮಿಟ್ರಿ ಬಾಕ್ಸು, ಆಟದ ಮೈದಾನದಲ್ಲಿ ಸಿಕ್ಕ ಕಲ್ಲು ಎಲ್ಲ ಅದರೊಳಗೇ ಸೇರುತ್ತವೆ. ಸಣ್ಣ ಬ್ಯಾಗು ತುಂಬಿ ಜಿಪ್ಪು ಕೂರದಿದ್ದರೆ ಮನೆಯವರಿಗೆ ಏನೋ ಹೆಚ್ಚಾಗಿದೆ ಎಂದು ಗೊತ್ತಾಗುತ್ತದೆ. ದೊಡ್ಡ ಬ್ಯಾಗು ಎಂದೂ ದೂರು ಹೇಳುವುದಿಲ್ಲ. ಹಾಗಾಗಿ ಈ ಬರಹದಲ್ಲಿ ನಾನು ಹೇಳಬೇಕೆಂದಿರುವುದರ ಮುಕ್ಕಾಲು ಪಾಲು ಇಷ್ಟೇ: ಬ್ಯಾಗನ್ನು ಬರುವ ವರ್ಷದ ಮಗುವಿಗಲ್ಲ, ಈ ವರ್ಷದ ಮಗುವಿಗೆ ಕೊಳ್ಳಿ.

ಅಳತೆ ತೆಗೆಯುವುದು ಕಷ್ಟದ ಕೆಲಸವಲ್ಲ. ಮಗುವಿಗೆ ತಲೆ ತಗ್ಗಿಸಲು ಹೇಳಿ. ಕತ್ತಿನ ಹಿಂಬದಿಯಲ್ಲಿ, ಬೆನ್ನು ಶುರುವಾಗುವಲ್ಲಿ, ಮೂಳೆಯ ಗಂಟೊಂದು ಎದ್ದು ಕಾಣುತ್ತದೆ. ಸೊಂಟದ ಎರಡೂ ಪಕ್ಕದ ಮೂಳೆಗಳ ಮೇಲ್ತುದಿಗೆ ಸರಿಯಾಗಿ ಬೆನ್ನಿನ ಮೇಲೊಂದು ಅಡ್ಡಗೆರೆ ಊಹಿಸಿಕೊಳ್ಳಿ. ಗಂಟಿನಿಂದ ಆ ಗೆರೆಯವರೆಗೆ ಟೇಪು ಹಿಡಿದರೆ ಸಿಗುವುದೇ ಮಗುವಿನ ಬೆನ್ನಿನ ಉದ್ದ. ಬ್ಯಾಗಿನ ಮೇಲ್ತುದಿ ಹೆಗಲ ಮಟ್ಟದಲ್ಲಿ ಅಥವಾ ಅದಕ್ಕಿಂತ ತುಸು ಕೆಳಗೆ ಇರಬೇಕು, ತಳ ಸೊಂಟದ ಗೆರೆಯ ಹತ್ತಿರ ಮುಗಿಯಬೇಕು. ಗೆರೆಯಿಂದ ನಾಲ್ಕು ಇಂಚಿನವರೆಗೆ ಇಳಿಯಬಹುದು ಎಂದು ಸಾಮಾನ್ಯವಾಗಿ ಹೇಳುವುದುಂಟು. ಹೈಸ್ಕೂಲು ಹುಡುಗರಿಗೆ ಅದು ಸರಿ. ಒಂದನೇ ಕ್ಲಾಸಿನ ಪುಟ್ಟ ಬೆನ್ನಿಗೆ ನಾಲ್ಕು ಇಂಚು ಬಹಳವಾಯಿತು, ಎರಡಕ್ಕೆ ನಿಲ್ಲಿಸಿ. ಅಗಲ ಎರಡು ಭುಜಗಳ ನಡುವಿನ ಅಗಲವನ್ನು ಮೀರಬಾರದು. ಮೀರಿದರೆ ಬಸ್ಸಿನ ಬಾಗಿಲಲ್ಲಿ, ಡೆಸ್ಕಿನ ಸಂದಿಯಲ್ಲಿ ಮಗುವಿಗಿಂತ ಮೊದಲು ಬ್ಯಾಗು ಸಿಕ್ಕಿಕೊಳ್ಳುತ್ತದೆ.

ಇಲ್ಲೊಂದು ತೊಡಕಿದೆ. ಎ4 ಹಾಳೆಯ ಉದ್ದ 29.7 ಸೆಂಟಿಮೀಟರ್. ಆ ಅಳತೆಯ ಪುಸ್ತಕವನ್ನೋ ಫೈಲನ್ನೋ ಶಾಲೆ ಕಡ್ಡಾಯ ಮಾಡಿದ್ದರೆ ಬ್ಯಾಗಿನ ಒಳಗಿನ ಉದ್ದ ಮೂವತ್ತೆರಡು ಸೆಂಟಿಮೀಟರಾದರೂ ಇರಲೇಬೇಕು, ಮಗುವಿನ ಬೆನ್ನು ಎಷ್ಟೇ ಇರಲಿ. ಅಂಗಡಿಯವರನ್ನು ಕೇಳಿದರೆ ಅವರು ಹೇಳುವುದು ಲೀಟರ್ ಲೆಕ್ಕ: ಹದಿನೈದು ಲೀಟರ್, ಇಪ್ಪತ್ತೈದು ಲೀಟರ್, ಮೂವತ್ತು ಲೀಟರ್. ಲೀಟರೆಂದರೆ ಒಳಗೆ ಎಷ್ಟು ಹಿಡಿಸುತ್ತದೆ ಎಂಬುದಷ್ಟೇ. ಉದ್ದವಾಗಿ ಚಪ್ಪಟೆಯಾಗಿರುವ ಬ್ಯಾಗೂ ಇಪ್ಪತ್ತು ಲೀಟರ್ ಆಗಬಹುದು, ಗಿಡ್ಡಗೆ ಗುಂಡಗೆ ಉಬ್ಬಿದ್ದೂ ಇಪ್ಪತ್ತು ಲೀಟರ್ ಆಗಬಹುದು. ಬೆನ್ನಿಗೆ ಇವೆರಡೂ ಒಂದೇ ಅಲ್ಲ. ಹಾಗಾಗಿ ಲೀಟರ್ ಬರೆದ ಚೀಟಿ ನೋಡುವುದಕ್ಕಿಂತ, ಮಗುವನ್ನೂ ಅದರ ದೊಡ್ಡ ಪುಸ್ತಕವನ್ನೂ ಅಂಗಡಿಗೆ ಕರೆದೊಯ್ಯುವುದು ಲೇಸು. ಪೇಪರಿನ ಉಂಡೆ ತೆಗೆಸಿ, ನಿಜವಾದ ಪುಸ್ತಕ ನಾಲ್ಕನ್ನು ಒಳಗಿಟ್ಟು, ಅಂಗಡಿಯ ಮುಂದೆಯೇ ಹತ್ತು ಹೆಜ್ಜೆ ನಡೆಸಿ ನೋಡಿ. ಅಂಗಡಿಯವರ ಮುಖ ಸ್ವಲ್ಪ ಸಿಂಡರಿಸಬಹುದು. ಸಿಂಡರಿಸಲಿ.

ಈಗ ತೂಕದ ಮಾತು. ಬ್ಯಾಗು ಕೊಳ್ಳುವಾಗ ಬಣ್ಣ ಕೇಳುತ್ತೇವೆ, ರೇಟು ಕೇಳುತ್ತೇವೆ, ಗ್ಯಾರಂಟಿ ಕೇಳುತ್ತೇವೆ. ಖಾಲಿ ಬ್ಯಾಗಿನ ತೂಕ ಎಷ್ಟೆಂದು ಕೇಳಿದವರನ್ನು ನಾನಂತೂ ನೋಡಿಲ್ಲ. ಮಗುವಿನ ದೇಹತೂಕದ ಶೇ. 10ಕ್ಕಿಂತ ಬ್ಯಾಗಿನ ಭಾರ ಹೆಚ್ಚಿರಬಾರದು ಎಂಬುದು ಕೇಂದ್ರ ಶಿಕ್ಷಣ ಇಲಾಖೆಯ 2020ರ ಶಾಲಾ ಬ್ಯಾಗ್ ನೀತಿ ಹೇಳುವ ಸೂತ್ರ. ಒಂದನೇ ಕ್ಲಾಸಿನ ಮಗು ಹದಿನೆಂಟು ಕಿಲೋ ಇದೆ ಎನ್ನೋಣ. ಅದಕ್ಕೆ ಸಲ್ಲುವುದು 1.8 ಕಿಲೋ. ಮುಂಭಾಗದಲ್ಲಿ ಕಾರ್ಟೂನಿನ ಮುಖ ಗಟ್ಟಿಯಾಗಿ ಉಬ್ಬಿ ನಿಂತಿರುವ, ಒಳಗೆ ನಾಲ್ಕು ಖಾನೆ, ಹೊರಗೆ ಮೂರು ಜೇಬು ಇರುವ ಬ್ಯಾಗು ಖಾಲಿ ಇದ್ದಾಗಲೇ ಏಳುನೂರು ಗ್ರಾಂ ತೂಗಬಹುದು. ಅರ್ಧ ಲೀಟರ್ ಹಿಡಿಸುವ ಸ್ಟೀಲ್ ಬಾಟಲಿಯ ತೂಕ ಕಾಲು ಕಿಲೋ ಎಂದಿಟ್ಟುಕೊಂಡರೆ ನೀರೂ ಸೇರಿ ಮುಕ್ಕಾಲು ಕಿಲೋ. ಸ್ಟೀಲ್ ಡಬ್ಬಿಯಲ್ಲಿ ಚಿತ್ರಾನ್ನವೋ ಚಪಾತಿಯೋ ಹಾಕಿದರೆ ಇನ್ನರ್ಧ ಕಿಲೋ. ಕೂಡಿಸಿ ನೋಡಿ: ಒಂದು ಕಿಲೋ ಒಂಬೈನೂರೈವತ್ತು ಗ್ರಾಂ. ಪುಸ್ತಕ ಇನ್ನೂ ಒಂದೂ ಒಳಗೆ ಹೋಗಿಲ್ಲ, ಮಿತಿ ಆಗಲೇ ದಾಟಿದೆ. ಇದರ ಮೇಲೆ ಇನ್ನೂರು ಪುಟದ ನೋಟ್‌ಬುಕ್ಕು ಒಂದೊಂದೂ ಸುಮಾರು ಕಾಲು ಕಿಲೋ.

ಪಠ್ಯಪುಸ್ತಕದ ದಪ್ಪ ನಮ್ಮ ಕೈಯಲ್ಲಿಲ್ಲ. ಬ್ಯಾಗಿನ ತೂಕ ನಮ್ಮ ಕೈಯಲ್ಲಿದೆ. ಪ್ರಾಥಮಿಕ ಶಾಲೆಯ ಮಗುವಿಗೆ ಖಾಲಿ ಬ್ಯಾಗು ನಾನೂರು ಗ್ರಾಂ ಆಸುಪಾಸಿನಲ್ಲಿ ಇರಲಿ ಎಂಬುದು ನನ್ನ ಲೆಕ್ಕ. ಅರ್ಧ ಕಿಲೋ ದಾಟಿದರೆ ವಾಪಸ್ ಇಟ್ಟುಬಿಡಿ. ದೊಡ್ಡ ಖಾನೆ ಎರಡು, ಮುಂದೊಂದು ಸಣ್ಣ ಜೇಬು, ಬದಿಗೆರಡು ಜಾಲರಿ ಜೇಬು ಇದ್ದರೆ ಧಾರಾಳವಾಯಿತು. ಒಂದೊಂದು ಖಾನೆ ಹೆಚ್ಚಾದಂತೆ ಬಟ್ಟೆ, ಜಿಪ್ಪು, ಹೊಲಿಗೆ ಎಲ್ಲವೂ ಹೆಚ್ಚುತ್ತವೆ. ಏಳು ವರ್ಷದ ಮಗು ಆರು ಖಾನೆಯಲ್ಲಿ ಏನಿಟ್ಟಿದ್ದೇನೆಂದು ನೆನಪಿಟ್ಟುಕೊಳ್ಳುವುದೂ ಇಲ್ಲ.

ಗಟ್ಟಿತನಕ್ಕೂ ತೂಕಕ್ಕೂ ಇರುವ ಜಗಳಕ್ಕೆ ಜಪಾನಿನ ಉದಾಹರಣೆ ಚೆನ್ನಾಗಿದೆ. ಅಲ್ಲಿನ ಪ್ರಾಥಮಿಕ ಶಾಲೆಯ ಮಕ್ಕಳು ಹೊರುವ ರಾಂಡೊಸೆರು ಎಂಬ ಪೆಟ್ಟಿಗೆಯಂಥ ಬ್ಯಾಗು ಒಂದನೇ ತರಗತಿಗೆ ಕೊಂಡರೆ ಆರನೇ ತರಗತಿವರೆಗೆ ಬಾಳುತ್ತದೆ. ಟೋಕಿಯೋದ ಗಾಕುಶುಯಿನ್ ಶಾಲೆಯಲ್ಲಿ 1885ರಲ್ಲಿ ಈ ಪದ್ಧತಿ ಶುರುವಾಯಿತು. ಸಿರಿವಂತರ ಮಕ್ಕಳು ಆಳುಗಳ ಕೈಲಿ ಪುಸ್ತಕ ಹೊರಿಸಿಕೊಂಡು ಬರಬಾರದು, ತಮ್ಮ ಸಾಮಾನು ತಾವೇ ಹೊರಬೇಕು ಎಂಬುದು ಅದರ ಉದ್ದೇಶ. ಆದರೆ ಆ ಆರು ವರ್ಷದ ಬಾಳಿಕೆಗೆ ಕೊಡುವ ಬೆಲೆ ಹಣದಲ್ಲಷ್ಟೇ ಇಲ್ಲ: ಖಾಲಿ ಇದ್ದಾಗಲೇ ಅದು ಒಂದು ಕಿಲೋಗಿಂತ ಹೆಚ್ಚು ತೂಗುತ್ತದೆ. ನಮ್ಮಲ್ಲಿ ಎರಡು ವರ್ಷ ಬರಲಿ ಎನ್ನುವವರು ಈ ತಕ್ಕಡಿಯನ್ನೊಮ್ಮೆ ನೋಡಬೇಕು.

ಮಕ್ಕಳ ಹೊರೆಯ ಮಾತನ್ನು ದೆಹಲಿಗೆ ಮುಟ್ಟಿಸಿದವರಲ್ಲಿ ಮೈಸೂರಿನವರೊಬ್ಬರು ಮುಖ್ಯರು ಎಂಬುದು ಇವತ್ತು ಅನೇಕರಿಗೆ ಮರೆತಿದೆ. 1986ರಲ್ಲಿ ರಾಜ್ಯಸಭೆಗೆ ನಾಮನಿರ್ದೇಶನಗೊಂಡ ಕಾದಂಬರಿಕಾರ ಆರ್.ಕೆ. ನಾರಾಯಣ್ ಅಲ್ಲಿನ ತಮ್ಮ ಮೊದಲ ಭಾಷಣದಲ್ಲಿ ಎತ್ತಿಕೊಂಡದ್ದು ಸಾಹಿತ್ಯದ ವಿಷಯವನ್ನಲ್ಲ, ಶಾಲಾ ಮಕ್ಕಳ ಬೆನ್ನ ಮೇಲಿನ ಚೀಲವನ್ನು. ಮುಂದೆ 1992ರಲ್ಲಿ ಭೌತವಿಜ್ಞಾನಿ ಯಶ್‌ಪಾಲ್ ಅವರ ಅಧ್ಯಕ್ಷತೆಯಲ್ಲಿ ಸಮಿತಿಯೊಂದು ನೇಮಕವಾಗಿ, 1993ರಲ್ಲಿ ‘ಹೊರೆಯಿಲ್ಲದ ಕಲಿಕೆ’ಯ ವರದಿ ಬಂತು. ಬ್ಯಾಗಿನ ಭಾರಕ್ಕಿಂತ ಕೆಟ್ಟದ್ದು ಅರ್ಥವಾಗದ ಪಾಠದ ಭಾರ ಎಂಬುದು ಆ ವರದಿಯ ತಿರುಳು. 2006ರಲ್ಲಿ ಬ್ಯಾಗಿನ ತೂಕಕ್ಕೆ ಮಿತಿ ಹಾಕುವ ಮಸೂದೆಯೊಂದು ರಾಜ್ಯಸಭೆಯಲ್ಲಿ ಮಂಡನೆಯಾಯಿತು, ಕಾನೂನಾಗಲಿಲ್ಲ. ಕರ್ನಾಟಕದ ಶಿಕ್ಷಣ ಇಲಾಖೆ 2019ರಲ್ಲಿ ಸುತ್ತೋಲೆ ಹೊರಡಿಸಿ, 2023ರಲ್ಲಿ ಮತ್ತೆ ನೆನಪಿಸಿತು: ಒಂದು ಮತ್ತು ಎರಡನೇ ತರಗತಿಗೆ ಒಂದೂವರೆಯಿಂದ ಎರಡು ಕಿಲೋ, ಮೂರರಿಂದ ಐದಕ್ಕೆ ಎರಡರಿಂದ ಮೂರು, ಆರರಿಂದ ಎಂಟಕ್ಕೆ ಮೂರರಿಂದ ನಾಲ್ಕು, ಒಂಬತ್ತು ಮತ್ತು ಹತ್ತಕ್ಕೆ ನಾಲ್ಕರಿಂದ ಐದು. ಕೇಂದ್ರದ ನೀತಿಯಲ್ಲಿ ಒಂಬತ್ತು-ಹತ್ತಕ್ಕೆ ಇರುವುದು ಎರಡೂವರೆಯಿಂದ ನಾಲ್ಕೂವರೆ ಕಿಲೋ, ಅಂದರೆ ದೊಡ್ಡ ಮಕ್ಕಳ ವಿಷಯದಲ್ಲಿ ನಮ್ಮ ರಾಜ್ಯದ ಕೈ ತುಸು ಸಡಿಲ. ತಿಂಗಳ ಮೂರನೇ ಶನಿವಾರ ಬ್ಯಾಗಿಲ್ಲದ ದಿನವೆಂದೂ ಆಯಿತು, ಅದಕ್ಕೆ ‘ಸಂಭ್ರಮ ಶನಿವಾರ’ ಎಂದು ಹೆಸರೂ ಬಂತು. 2024ರಲ್ಲಿ ಪಠ್ಯಪುಸ್ತಕಗಳನ್ನು ಎರಡು ಭಾಗವಾಗಿ ಅಚ್ಚು ಹಾಕಿಸುವ ತೀರ್ಮಾನವಾಯಿತು. ನನ್ನ ಕಣ್ಣಿಗೆ ಇವುಗಳಲ್ಲೆಲ್ಲ ನಿಜವಾಗಿ ಕೆಲಸಕ್ಕೆ ಬರುವುದು ಈ ಕೊನೆಯದೇ. ಸುತ್ತೋಲೆಯನ್ನು ಫೈಲಿಗೆ ಸೇರಿಸಬಹುದು; ಪುಸ್ತಕ ಅರ್ಧವಾದರೆ ಅದು ಅರ್ಧವೇ.

ಭಾರದ ಬ್ಯಾಗು ಹೊತ್ತರೆ ಮಗುವಿನ ಬೆನ್ನುಮೂಳೆ ಸೊಟ್ಟಗಾಗಿಬಿಡುತ್ತದೆ ಎಂದು ಹೆದರಿಸುವ ಜಾಹೀರಾತುಗಳನ್ನು ನೀವು ನೋಡಿರಬಹುದು. ಹೆದರಿಸಿದ ಮೇಲೆ ‘ಮೂಳೆ ವೈದ್ಯರು ಮೆಚ್ಚಿದ’ ಬ್ಯಾಗೊಂದನ್ನು ದುಪ್ಪಟ್ಟು ಬೆಲೆಗೆ ಮುಂದಿಡುತ್ತಾರೆ. ಇಲ್ಲಿ ತಡೆದು ಯೋಚಿಸಬೇಕು. 2018ರಲ್ಲಿ ಬ್ರಿಟನ್ನಿನ ಕ್ರೀಡಾ ವೈದ್ಯಕೀಯ ಪತ್ರಿಕೆಯೊಂದರಲ್ಲಿ ಅರವತ್ತೊಂಬತ್ತು ಅಧ್ಯಯನಗಳನ್ನು ಒಟ್ಟಿಗಿಟ್ಟು ನೋಡಿದ ಪರಿಶೀಲನೆ ಪ್ರಕಟವಾಯಿತು. ಶಾಲಾ ಬ್ಯಾಗಿನಿಂದಲೇ ಮಕ್ಕಳಿಗೆ ಬೆನ್ನುನೋವು ಬರುತ್ತದೆ ಎನ್ನುವುದಕ್ಕೆ ನಂಬುವಂಥ ಪುರಾವೆ ಅದರಲ್ಲಿ ಸಿಗಲಿಲ್ಲ. ಹಾಗೆಂದು ಎಷ್ಟಾದರೂ ಹೊರಿಸಬಹುದು ಎಂದಲ್ಲ. ಭಾರದ ಬ್ಯಾಗು ಹೊತ್ತ ಮಗು ಮುಂದಕ್ಕೆ ಬಾಗುತ್ತದೆ, ಕತ್ತು ಚಾಚುತ್ತದೆ, ಹೆಗಲ ಮೇಲೆ ಪಟ್ಟಿಯ ಕೆಂಪು ಗೆರೆ ಮೂಡುತ್ತದೆ, ಮೆಟ್ಟಿಲಲ್ಲಿ ಆಯ ತಪ್ಪುತ್ತದೆ, ಮನೆಗೆ ಬಂದು ಸುಸ್ತು ಎನ್ನುತ್ತದೆ. ಇಷ್ಟು ಸಾಲದೇ? ಭಾರ ಇಳಿಸಲು ಗೂನುಬೆನ್ನಿನ ಭಯವೇ ಬೇಕೆಂದಿಲ್ಲ. ದುಬಾರಿ ಬ್ಯಾಗಿನಿಂದಷ್ಟೇ ಮಗುವಿನ ಬೆನ್ನು ಉಳಿಯುತ್ತದೆ ಎಂದು ನಂಬಬೇಕಾಗಿಯೂ ಇಲ್ಲ. ಬೆನ್ನುನೋವು ಎಂದು ಮಗು ಮತ್ತೆ ಮತ್ತೆ ಹೇಳಿದರೆ ಅಂಗಡಿ ಬದಲಿಸುವುದಲ್ಲ, ವೈದ್ಯರಿಗೆ ತೋರಿಸಬೇಕು.

ಮಗು ಯಾಕೆ ಬಾಗುತ್ತದೆ ಎಂದು ತಿಳಿದರೆ ಬ್ಯಾಗಿನಲ್ಲಿ ಏನು ನೋಡಬೇಕೆಂಬುದು ತಾನಾಗಿ ತಿಳಿಯುತ್ತದೆ. ನೀರಿನ ಕೊಡವನ್ನು ಸೊಂಟಕ್ಕೆ ಒತ್ತಿ ಹಿಡಿದವಳು ಸಲೀಸಾಗಿ ನಡೆಯುತ್ತಾಳೆ. ಅದೇ ಕೊಡವನ್ನು ಕೈಚಾಚಿ ದೂರ ಹಿಡಿಯಲು ಹೇಳಿದರೆ ನಾಲ್ಕು ಹೆಜ್ಜೆಗೆ ಇಳಿಸುತ್ತಾಳೆ. ಭಾರ ಮೈಯಿಂದ ಎರಡರಷ್ಟು ದೂರ ಹೋದರೆ ಅದು ಹಿಂದಕ್ಕೆಳೆಯುವ ಬಲವೂ ಎರಡರಷ್ಟಾಗುತ್ತದೆ, ತೂಕ ಒಂದು ಗ್ರಾಂ ಹೆಚ್ಚದಿದ್ದರೂ. ಹಿಂದಕ್ಕೆ ಬೀಳದಿರಲೆಂದೇ ಮಗು ಮುಂದಕ್ಕೆ ಬಾಗುವುದು. ಆದ್ದರಿಂದ ದಪ್ಪ ಪುಸ್ತಕಗಳು ಬೆನ್ನಿಗೆ ತಾಗುವ ಖಾನೆಯಲ್ಲಿ ನೆಟ್ಟಗೆ ನಿಂತಿರಬೇಕು. ಕಂಪಾಸು, ಪೆನ್ಸಿಲ್ಲು, ತೆಳು ನೋಟ್‌ಬುಕ್ಕು ಹೊರಗಿನ ಖಾನೆಗೆ. ಬೆನ್ನಿಗೆ ತಾಗುವ ಭಾಗ ಸ್ವಲ್ಪ ಬಿಗಿಯಾಗಿದ್ದು, ಮೇಲೆ ತೆಳುವಾದ ಸ್ಪಂಜು ಇರಲಿ. ಬೆರಳಿನಿಂದ ಒತ್ತಿ ನೋಡಿ. ಆ ಭಾಗ ಬರೀ ಬಟ್ಟೆಯಾಗಿದ್ದರೆ ಬ್ಯಾಗು ತಳದಲ್ಲಿ ಮುದ್ದೆಯಾಗಿ, ಪುಸ್ತಕದ ಮೂಲೆ ಬೆನ್ನಿಗೆ ಚುಚ್ಚುತ್ತದೆ.

ಹೆಗಲಪಟ್ಟಿಯ ಬಗ್ಗೆ ಸ್ವಲ್ಪ ಹೆಚ್ಚು ಹೊತ್ತು ನಿಲ್ಲುತ್ತೇನೆ, ಏಕೆಂದರೆ ಅಂಗಡಿಯಲ್ಲಿ ಎಲ್ಲರೂ ಅಲ್ಲೇ ಮೋಸ ಹೋಗುವುದು. ಪಟ್ಟಿ ದಪ್ಪಗಿದ್ದರೆ ಒಳ್ಳೆಯದೆಂದು ಹಿಚುಕಿ ನೋಡುತ್ತೇವೆ. ಹೊಸದರಲ್ಲಿ ಮೆತ್ತಗಿರುವ ಅಗ್ಗದ ಸ್ಪಂಜು ಕೆಲವೇ ತಿಂಗಳಲ್ಲಿ ಅಪ್ಪಚ್ಚಿಯಾಗುತ್ತದೆ. ಬೆರಳಿಂದ ಒತ್ತಿ ಬಿಟ್ಟರೆ ತಕ್ಷಣ ಮೊದಲಿನಂತಾಗುವ ಸ್ಪಂಜು ಬೇಕು, ತಗ್ಗು ಹಾಗೇ ನಿಲ್ಲುವಂಥದ್ದಲ್ಲ. ದಪ್ಪಕ್ಕಿಂತ ಮುಖ್ಯವಾದದ್ದು ಎರಡು ಪಟ್ಟಿಗಳು ಮೇಲೆ ಎಷ್ಟು ದೂರದಲ್ಲಿ ಹೊಲಿಯಲ್ಪಟ್ಟಿವೆ ಎಂಬುದು. ದೊಡ್ಡವರ ಬ್ಯಾಗಿನ ಅಳತೆಯನ್ನೇ ಕುಗ್ಗಿಸಿ ಹೊಲಿದ ಎಷ್ಟೋ ಬ್ಯಾಗುಗಳಲ್ಲಿ ಪಟ್ಟಿಗಳ ನಡುವಿನ ಅಂತರ ಚಿಕ್ಕ ಮಗುವಿನ ಹೆಗಲಿಗೆ ಜಾಸ್ತಿ. ಪಟ್ಟಿ ಹೆಗಲ ತುದಿಗೆ ಬಂದು ಜಾರುತ್ತದೆ. ಜಾರದಂತೆ ತಡೆಯಲು ಮಗು ಭುಜಗಳನ್ನು ಕಿವಿಯ ಕಡೆಗೆ ಎತ್ತಿ ಹಿಡಿದು ನಡೆಯುತ್ತದೆ, ಇಲ್ಲವೇ ಎರಡೂ ಕೈಯಿಂದ ಪಟ್ಟಿಯನ್ನು ಎದೆಯ ಮುಂದೆ ಹಿಡಿದುಕೊಂಡೇ ಇರುತ್ತದೆ. ದಾರಿಯಲ್ಲಿ ಹಾಗೆ ನಡೆಯುವ ಮಕ್ಕಳನ್ನು ಕಂಡರೆ ಪಟ್ಟಿಯ ತಪ್ಪೆಂದು ತಿಳಿಯಿರಿ. ಎದೆಯ ಮುಂದೆ ಕ್ಲಿಪ್ಪು ಹಾಕುವ ಸಣ್ಣ ಅಡ್ಡಪಟ್ಟಿ ಇದ್ದರೆ ಈ ಕಾಟ ತಪ್ಪುತ್ತದೆ. ಸೊಂಟದ ಪಟ್ಟಿ ಚಾರಣಕ್ಕೆ ಹೋಗುವವರಿಗೆ ಬೇಕು. ಎರಡು ಮೂರು ಕಿಲೋ ಹೊರುವ ಮಗುವಿಗೆ ಅದೊಂದು ಅಲಂಕಾರ, ಡೆಸ್ಕಿಗೆ ಸಿಕ್ಕಿಕೊಳ್ಳುವ ಬಾಲ.

ಪಟ್ಟಿಯ ಕೆಳಭಾಗದ ನಾಡಾ ಪ್ಲಾಸ್ಟಿಕ್ ಲಾಕಿನಲ್ಲಿ ಹಿಡಿದು ನಿಲ್ಲುತ್ತದೋ ಎಂದು ಪರೀಕ್ಷಿಸಿ. ಬ್ಯಾಗಿಗೆ ಭಾರ ಹಾಕಿ, ಪಟ್ಟಿ ಹಿಡಿದು ಹತ್ತು ಸಲ ಕುಲುಕಿ. ನುಣುಪಾದ ಅಗ್ಗದ ನಾಡಾ ಒಂದೊಂದೇ ಇಂಚು ಸಡಿಲವಾಗುತ್ತಾ ಬರುತ್ತದೆ. ಬೆಳಿಗ್ಗೆ ಅಮ್ಮ ಬಿಗಿ ಮಾಡಿ ಕಳಿಸಿದ ಬ್ಯಾಗು ಸಂಜೆ ಸೊಂಟದ ಕೆಳಗೆ ನೇತಾಡುವುದು ಹೀಗೆ. ನಾಡಾದ ತುದಿಯನ್ನು ಮಡಿಸಿ ಹೊಲಿದಿರಬೇಕು, ಇಲ್ಲದಿದ್ದರೆ ಒಂದು ದಿನ ಅದು ಲಾಕಿನಿಂದ ಪೂರ್ತಿ ಕಳಚಿಕೊಂಡು ರಸ್ತೆಯ ಮಧ್ಯೆ ಬ್ಯಾಗು ಬೀಳುತ್ತದೆ.

ಬ್ಯಾಗನ್ನು ಮಗು ಹೊರುವುದು ದಿನದಲ್ಲಿ ಎಷ್ಟು ಹೊತ್ತು, ಎಲ್ಲಿ, ಎಂಬುದರ ಮೇಲೂ ಆಯ್ಕೆ ನಿಂತಿದೆ. ಬೆಂಗಳೂರಿನ ಸ್ಕೂಲ್ ಆಟೋದಲ್ಲಿ ಹೋಗುವ ಮಗುವಿನ ಬ್ಯಾಗು ಬೆನ್ನ ಮೇಲಿರುವುದಕ್ಕಿಂತ ಆಟೋದ ಹೊರಗೆ, ಕಂಬಿಗೆ ಸಿಕ್ಕಿಸಿದ ಕೊಕ್ಕೆಯಲ್ಲಿ ನೇತಾಡುವುದೇ ಹೆಚ್ಚು. ಅಂಥ ಬ್ಯಾಗಿನಲ್ಲಿ ಮೊದಲು ಹರಿಯುವುದು ಮೇಲಿನ ಹಿಡಿ. ಆ ಹಿಡಿಯನ್ನು ಬಹಳಷ್ಟು ಬ್ಯಾಗುಗಳಲ್ಲಿ ಒಂದೇ ಸಾಲಿನ ಹೊಲಿಗೆಯಲ್ಲಿ ಮುಗಿಸಿರುತ್ತಾರೆ. ಹಿಡಿಯೂ ಹೆಗಲಪಟ್ಟಿಯೂ ಸೇರುವ ಕಡೆ ಚೌಕದೊಳಗೆ ಅಡ್ಡಡ್ಡ ಗೆರೆ ಎಳೆದಂತೆ ಹೊಲಿಗೆ ಹಾಕಿದ್ದಾರೋ, ಒಳಗಡೆಯಿಂದ ಇನ್ನೊಂದು ಪದರ ಬಟ್ಟೆ ಕೊಟ್ಟಿದ್ದಾರೋ ನೋಡಬೇಕು. ಸರ್ಕಾರಿ ಬಸ್ಸಿನಲ್ಲಿ ಹೋಗುವ ಮಕ್ಕಳ ಕಥೆ ಬೇರೆ. ನಿಂತವರ ಬ್ಯಾಗನ್ನು ಕೂತವರು ತೊಡೆಯ ಮೇಲಿಟ್ಟುಕೊಳ್ಳುವ ಸೌಜನ್ಯ ನಮ್ಮಲ್ಲಿ ಇನ್ನೂ ಉಳಿದಿದೆ. ಆ ಗದ್ದಲದಲ್ಲಿ ಬೇಗ ಕಳಚಿ ಕೊಡಲು ಬರುವಂತಿರಬೇಕು, ಬದಿಯ ಜೇಬಿನಿಂದ ಬಾಟಲಿ ಯಾರದೋ ಕಾಲಿನ ಮೇಲೆ ಬೀಳಬಾರದು. ಅಪ್ಪನ ಸ್ಕೂಟರಿನಲ್ಲಿ ಹೋಗುವ ಮಗುವಿನ ಬ್ಯಾಗು ಫುಟ್‌ಬೋರ್ಡಿನ ಮೇಲೆ ಕೂರುತ್ತದೆ, ಅದರ ತಳ ಬೇಗ ಸವೆಯುತ್ತದೆ. ಮಲೆನಾಡಿನಲ್ಲಿ ತೋಟ ದಾಟಿ ಬಸ್‌ಸ್ಟಾಪಿನವರೆಗೆ ನಡೆಯುವ ಮಗು ಮಾತ್ರ ನಿಜವಾಗಿ ಬ್ಯಾಗನ್ನು ಹೊರುತ್ತದೆ. ಅಳತೆ, ಪಟ್ಟಿ, ತೂಕದ ವಿಷಯದಲ್ಲಿ ಕಿಂಚಿತ್ತೂ ರಾಜಿ ಬೇಡವಾದದ್ದು ಆ ಮಗುವಿಗೆ. ಪೇಟೆಯ ಒಳ್ಳೆಯ ಬ್ಯಾಗು ಕಡಿಮೆ ತಲುಪುವುದೂ ಅಲ್ಲಿಗೇ.

ಚಕ್ರದ ಬ್ಯಾಗು ಎಳೆದುಕೊಂಡು ಹೋದರೆ ಭಾರವೇ ಇಲ್ಲವಲ್ಲ ಎಂದು ಕೇಳುವವರಿದ್ದಾರೆ. ನಮ್ಮ ಫುಟ್‌ಪಾತಿನಲ್ಲಿ ಅದನ್ನು ಎಳೆಯಲು ಎಲ್ಲಿ ಸಾಧ್ಯ? ಮೂರನೇ ಮಹಡಿಯ ಕ್ಲಾಸಿಗೆ ಮೆಟ್ಟಿಲು ಹತ್ತುವಾಗ ಚಕ್ರ, ಕಬ್ಬಿಣದ ಹಿಡಿ ಎಲ್ಲವೂ ಸೇರಿದ ಆ ಗಾಡಿಯನ್ನು ಒಂದೇ ಕೈಯಲ್ಲಿ ಎತ್ತಬೇಕು. ಮೆಟ್ಟಿಲಲ್ಲಿ ಮಕ್ಕಳಿಗೆ ಪೆಟ್ಟಾಗಬಹುದೆಂದು 2020ರ ನೀತಿಯೇ ಚಕ್ರದ ಬ್ಯಾಗು ಬೇಡವೆಂದಿದೆ.

ನಮ್ಮಲ್ಲಿ ಶಾಲೆ ಶುರುವಾಗುವುದೂ ಮಳೆ ಶುರುವಾಗುವುದೂ ಹೆಚ್ಚುಕಡಿಮೆ ಒಟ್ಟಿಗೇ. ‘ವಾಟರ್‌ಪ್ರೂಫ್’ ಎಂಬ ಚೀಟಿಯನ್ನು ಯಾರೂ ಪೂರ್ತಿ ನಂಬಬಾರದು. ಬ್ಯಾಗಿನ ಪಾಲಿಯೆಸ್ಟರ್ ಬಟ್ಟೆಯ ಒಳಮೈಗೆ ನೀರು ತಡೆಯುವ ತೆಳುವಾದ ಲೇಪ ಇರುತ್ತದೆ, ನಿಜ. ಆದರೆ ಸೂಜಿ ತೂರಿದ ಕಡೆಯೆಲ್ಲ ತೂತಿದೆ, ಜಿಪ್ಪಿನ ಹಲ್ಲುಗಳ ನಡುವೆ ಸಂದಿಯಿದೆ. ಬಯಲುಸೀಮೆಯ ತುಂತುರಿಗೆ ಅಂಥ ಬ್ಯಾಗು ಸಾಕು. ಆಗುಂಬೆಯ ಕಡೆಯ ಮಳೆಗೆ, ಕರಾವಳಿಯ ಜುಲೈಗೆ ಸಾಲದು. ಬ್ಯಾಗಿನ ಮೇಲೆ ಹೊದಿಸುವ ಕವರನ್ನು ಒಂದು ಸೈಜು ದೊಡ್ಡದೇ ಕೊಳ್ಳಿ (ದೊಡ್ಡದು ಕೊಳ್ಳಿ ಎಂದು ನಾನು ಹೇಳುವ ಒಂದೇ ವಸ್ತು ಇದು), ಅಥವಾ ಬ್ಯಾಗಿನ ಸಮೇತ ಮುಚ್ಚುವಂತೆ ಬೆನ್ನು ಉಬ್ಬಿಸಿ ಹೊಲಿದ ರೇನ್‌ಕೋಟು ತೆಗೆದುಕೊಳ್ಳಿ. ಇವೆರಡೂ ಇಲ್ಲದಿದ್ದರೆ ಪುಸ್ತಕಗಳನ್ನು ದಪ್ಪನೆಯ ಪ್ಲಾಸ್ಟಿಕ್ ಕವರಿನಲ್ಲಿ ಸುತ್ತಿ ಬ್ಯಾಗಿಗೆ ಹಾಕುವ ಹಳೇ ಉಪಾಯಕ್ಕೆ ಸಮನಾದದ್ದಿಲ್ಲ. ತಳಕ್ಕೆ ಎರಡು ಪದರ ಬಟ್ಟೆಯೋ ರಬ್ಬರೋ ಇರಲಿ. ಒದ್ದೆ ಜಗಲಿಯ ಮೇಲೆ ಮಕ್ಕಳು ಬ್ಯಾಗನ್ನು ಎಸೆಯದೆ ಇರುವುದಿಲ್ಲ. ನೀರಿನ ಬಾಟಲಿ ಎಂದೆಂದಿಗೂ ಹೊರಗಿನ ಜೇಬಿನಲ್ಲಿ. ಒಳಗೆ ಸೋರಿದ ಬಾಟಲಿ ಮಳೆಗಿಂತ ಹೆಚ್ಚು ನೋಟ್‌ಬುಕ್ಕುಗಳನ್ನು ಹಾಳು ಮಾಡಿದೆ. ಬಾಟಲಿ ಒಂದು ಬದಿಗಾದರೆ ಇನ್ನೊಂದು ಬದಿಗೆ ಕೊಡೆಯನ್ನೋ ಸಣ್ಣ ಡಬ್ಬಿಯನ್ನೋ ಇಟ್ಟು ತೂಕ ಸರಿದೂಗಿಸಿ.

ಬಟ್ಟೆಯ ಮೇಲೆ 600ಡಿ, 420ಡಿ ಎಂದೆಲ್ಲ ಬರೆದಿರುವುದು ಡೆನಿಯರ್ ಲೆಕ್ಕ. ಒಂಬತ್ತು ಸಾವಿರ ಮೀಟರ್ ನೂಲು ಎಷ್ಟು ಗ್ರಾಂ ತೂಗುತ್ತದೋ ಅಷ್ಟು ಡೆನಿಯರ್. ಅಂಕಿ ಹೆಚ್ಚಾದರೆ ನೂಲು ದಪ್ಪ, ಬಟ್ಟೆ ಭಾರ. ಶಾಲೆಯ ಬ್ಯಾಗಿಗೆ 600ರ ಪಾಲಿಯೆಸ್ಟರ್ ಸಾಕು. ಅದಕ್ಕಿಂತ ದಪ್ಪದ್ದು ಕೊಂಡರೆ ಮಗು ಬಟ್ಟೆಯನ್ನೇ ಹೊರಬೇಕಾಗುತ್ತದೆ. ಬಟ್ಟೆ ಹರಿದು ಹಾಳಾದ ಬ್ಯಾಗುಗಳಿಗಿಂತ ಜಿಪ್ಪು ಕೆಟ್ಟು ಮೂಲೆ ಸೇರಿದ ಬ್ಯಾಗುಗಳೇ ಜಾಸ್ತಿ. ಅದರಲ್ಲೂ ಕೆಡುವುದು ರನ್ನರ್, ಹಲ್ಲುಗಳಲ್ಲ. ಬಸ್‌ಸ್ಟ್ಯಾಂಡಿನ ಹತ್ತಿರ ಕೊಡೆ, ಚಪ್ಪಲಿ, ಬ್ಯಾಗು ರಿಪೇರಿ ಮಾಡುವವರು ಹೊಸ ರನ್ನರ್ ಹಾಕಿಕೊಡುತ್ತಾರೆ, ಕಾಫಿ-ತಿಂಡಿಯ ಖರ್ಚಿನಲ್ಲಿ ಮುಗಿಯುತ್ತದೆ. ಜಿಪ್ಪು ಬಿಗಿಯಾದರೆ ಮೇಣದಬತ್ತಿಯ ತುಂಡಿನಿಂದ ಹಲ್ಲುಗಳನ್ನು ಉಜ್ಜಿ. ಕೊಳ್ಳುವ ಮುಂಚೆ ಬ್ಯಾಗನ್ನು ಒಳಮೈ ಹೊರಗೆ ಮಾಡಿ ನೋಡುವುದು ಒಳ್ಳೆಯದು: ಹೊಲಿಗೆಯ ಅಂಚಿಗೆ ನಾಡಾಪಟ್ಟಿ ಕೂರಿಸಿ ಮುಚ್ಚಿದ್ದರೆ ಸರಿ, ಬಟ್ಟೆಯ ಎಳೆಗಳು ಬಿಟ್ಟುಕೊಂಡಿದ್ದರೆ ಅವು ಮೊದಲು ಜಿಪ್ಪಿಗೆ ಸಿಕ್ಕಿಕೊಳ್ಳುತ್ತವೆ, ಆಮೇಲೆ ಹೊಲಿಗೆಯೇ ಬಿಚ್ಚುತ್ತದೆ. ತೊಳೆಯುವಾಗ ತಣ್ಣೀರು, ಸೋಪು, ಮೆದು ಬ್ರಷ್ಷು; ಒಣಗಿಸಲು ನೆರಳು. ಬಿಸಿನೀರು ಬೇಡ, ಸುಡುಬಿಸಿಲೂ ಬೇಡ. ಒಳಲೇಪ ಬೇಗ ಸಿಪ್ಪೆಯೇಳುತ್ತದೆ. ಹಳೇ ಬ್ಯಾಗಿನ ಒಳಗಿನಿಂದ ಪುಡಿ ಉದುರಿ ಪುಸ್ತಕಕ್ಕೆ ಅಂಟುವುದು ಆ ಲೇಪವೇ.

ಬಣ್ಣ, ಚಿತ್ರ ಮಗುವಿನ ಇಷ್ಟಕ್ಕೆ ಬಿಡಿ. ಅಳತೆಗೆ ಸರಿಯಾದ ಎರಡು ಮೂರು ಬ್ಯಾಗುಗಳನ್ನು ದೊಡ್ಡವರು ಆರಿಸಿ ಮುಂದಿಟ್ಟು, ಅವುಗಳಲ್ಲಿ ಒಂದನ್ನು ಮಗುವೇ ಎತ್ತಿಕೊಳ್ಳಲಿ. ಹೈಸ್ಕೂಲಿಗೆ ಬಂದ ಮೇಲೆ ಒಂದೇ ಹೆಗಲಿಗೆ ಬ್ಯಾಗು ನೇತುಹಾಕುವ ಶೋಕಿ ಶುರುವಾಗುತ್ತದೆ; ಎರಡೂ ಪಟ್ಟಿ ಹಾಕಿಕೋ ಎಂದು ನೂರು ಸಲ ಹೇಳುವ ಬದಲು, ಅವರು ಮೆಚ್ಚುವ ಬ್ಯಾಗನ್ನೇ ಕೊಡಿಸಿ ಭಾರ ಕಡಿಮೆ ಮಾಡಿಸುವುದು ಜಾಣತನ. ಹೆಸರನ್ನು ಹೊರಗೆ ದೊಡ್ಡದಾಗಿ ಬರೆಸಬೇಡಿ, ಒಳಗಿನ ಜೇಬಿನ ಮುಚ್ಚಳಕ್ಕೆ ಬರೆಯಿರಿ. ಗುರುತಿಲ್ಲದವರು ಮಗುವನ್ನು ಹೆಸರು ಹಿಡಿದು ಕರೆಯುವಂತಾಗಬಾರದು.

ಇನ್ನು ಉಳಿದದ್ದು ಶಾಲೆಯ ಪಾಲು. ಎಚ್.ಡಿ. ಕೋಟೆಯಲ್ಲಿ 1995ರಲ್ಲಿ ಶುರುವಾದ ನಲಿ-ಕಲಿ ಬೋಧನಾ ಪದ್ಧತಿ ಈಗ ಸರ್ಕಾರಿ ಕನ್ನಡ ಶಾಲೆಗಳ ಚಿಕ್ಕ ತರಗತಿಗಳಲ್ಲೆಲ್ಲ ಇದೆ. ಕಲಿಕೆಯ ಕಾರ್ಡುಗಳು ಇರುವುದು ತರಗತಿಯಲ್ಲೇ. ಮಧ್ಯಾಹ್ನ ಬಿಸಿಯೂಟವಿದೆ, ಬುತ್ತಿ ಬೇಡ. ಹಾಗಾಗಿ ರಾಜ್ಯದ ಅತಿ ಹಗುರ ಬ್ಯಾಗುಗಳು ಹೆಚ್ಚಾಗಿ ಸಿಗುವುದು ಫೀಸೇ ಇಲ್ಲದ ಶಾಲೆಗಳ ಪುಟ್ಟ ಮಕ್ಕಳ ಬೆನ್ನ ಮೇಲೆ. ಲಕ್ಷಗಟ್ಟಲೆ ಫೀಸಿನ ಎಷ್ಟೋ ಶಾಲೆಗಳಲ್ಲಿ ಯುಕೆಜಿ ಮಗುವೂ ವರ್ಕ್‌ಬುಕ್ಕುಗಳ ಕಟ್ಟು ಹೊತ್ತು ಬರುತ್ತದೆ. ಶುದ್ಧವಾದ ಕುಡಿಯುವ ನೀರು ಶಾಲೆಯಲ್ಲೇ ಸಿಕ್ಕರೆ ಮಗು ಮನೆಯಿಂದ ಹೊರಬೇಕಾಗಿಲ್ಲ ಎಂದು 2020ರ ನೀತಿಯೂ ಹೇಳುತ್ತದೆ.

ಜೂನ್ ಕಳೆದ ಮೇಲೆ ಒಂದು ವಾರ ಬ್ಯಾಗನ್ನು ದಿನವೂ ತೂಗಿ ಬರೆದಿಡಿ. ಮನೆಯಲ್ಲಿ ತಕ್ಕಡಿ ಇಲ್ಲದಿದ್ದರೆ ಬೀದಿಯ ಕಿರಾಣಿ ಅಂಗಡಿಯಲ್ಲಿದೆ. ಯಾವ ದಿನ ಭಾರ ಹೆಚ್ಚು, ಯಾವ ಪುಸ್ತಕದಿಂದ ಹೆಚ್ಚು ಎಂಬುದು ಕಾಗದದ ಮೇಲೆ ಕಂಡಾಗ ಪಾಲಕರ ಸಭೆಯಲ್ಲಿ ಮಾತಾಡಲು ಸುಲಭ. ‘ಬ್ಯಾಗು ಭಾರ’ ಎಂದರೆ ಶಿಕ್ಷಕರು ತಲೆಯಾಡಿಸುತ್ತಾರೆ. ‘ಸೋಮವಾರ ಮತ್ತು ಗುರುವಾರ ಮೂರೂವರೆ ಕಿಲೋ, ಎರಡು ದಪ್ಪ ನೋಟ್‌ಬುಕ್ಕು ಬಿಚ್ಚದೆಯೇ ವಾಪಸ್ ಬಂದಿವೆ’ ಎಂದರೆ ವೇಳಾಪಟ್ಟಿ ತೆಗೆದು ನೋಡುತ್ತಾರೆ. ತರಗತಿಯಲ್ಲೊಂದು ಬೀರು ಕೇಳಿ. ವರ್ಕ್‌ಬುಕ್ಕು, ಡ್ರಾಯಿಂಗ್ ಸಾಮಾನು, ನಿಘಂಟು ಅಲ್ಲೇ ಉಳಿದರೆ ಮುಂದಿನ ಮೇ ತಿಂಗಳಲ್ಲಿ ಅಂಗಡಿಗೆ ಹೋದಾಗ ಒಂದು ಸೈಜು ಸಣ್ಣದನ್ನೇ ಕೇಳಬಹುದು.